ಒಳಮಡಿಕೆಯ ನಂಬರು

ಎಡಗೈಯಲ್ಲಿ ಹಾಳೆಯ ಮೂಲೆ ಹಿಡಿದು, ಬಲಗೈಯ ಮರದ ಪಟ್ಟಿಯನ್ನು ಅದರ ಮೇಲೆ ಒಮ್ಮೆ ಒತ್ತಿ ಎಳೆದರೆ ಒಂದು ಮಡಿಕೆ. ಮಗ್ಗುಲು ತಿರುಗಿಸಿ ಇನ್ನೊಮ್ಮೆ ಎಳೆದರೆ ಎರಡನೆಯದು. ನೂರಾದ ಮೇಲೆ ಒಂದು ರಬ್ಬರ್ ಬ್ಯಾಂಡು. ಅವಳು ಎರಡನೆಯ ನೂರರಲ್ಲಿದ್ದಳು. ಪ್ರೆಸ್ಸಿನ ಹಿಂಬದಿಯಲ್ಲಿ ಗಂಡ ಮಷೀನು ಓಡಿಸುತ್ತಿದ್ದ. ಅದರ ತಾಳಕ್ಕೆ ಅವಳ ಕೈ ತಾನೇ ಹೊಂದಿಕೊಂಡುಬಿಡುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಹೀಗೆಯೇ. ಮದುವೆಯ ಕಾಗದ, ಔಷಧಿ ಚೀಟಿ, ಟ್ಯೂಷನ್ನಿನ ಕರಪತ್ರ, ಯಾರೋ ತೀರಿಕೊಂಡ ಸುದ್ದಿ, ಎಲ್ಲವೂ ಅವಳ ಬೆರಳಿಗೆ ಒಂದೇ. ದಪ್ಪ ಎಷ್ಟು, ನಾರು ಯಾವ ಕಡೆಗಿದೆ, ಮಡಿಸಿದರೆ ಬಿರುಕು ಬಿಡುತ್ತದೋ ಇಲ್ಲವೋ ಎನ್ನುವುದಷ್ಟೇ ಮುಖ್ಯ. ಮಡಿಸುವಾಗ ಅವಳು ಓದುತ್ತಿರಲಿಲ್ಲ.

ಮೇಲಿನ ಮನೆಯ ಮೆಟ್ಟಿಲಿಳಿದು ಅತ್ತೆ ಬಂದರು. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಅವರ ಹಳೆಯ ಗುಂಡಿ ಫೋನು.

"ಏನೇ, ಈ ಊರಿನ ಹೆಂಗಸರಿಗೆಲ್ಲ ಒಟ್ಟಿಗೇ ತಲೆ ಕೆಟ್ಟಿದೆಯಾ?"

"ಏನಾಯ್ತು ಅತ್ತೆ?"

"ಏನಾಗ್ಬೇಕು! ಹಲ್ಲುಜ್ಜೋಕೂ ಬಿಡಲ್ಲ. ಫೋನ್ ಎತ್ತಿದ್ರೆ ಆ ಕಡೆ ಬರೀ ಉಸಿರು. ನಾನು ಹಲೋ ಹಲೋ ಅಂತ ಬಡ್ಕೊಂಡ್ಮೇಲೆ ಮೆಲ್ಲಗೆ, ನೀವು ಹೊಲಿದು ಕೊಡ್ತೀರಂತಲ್ಲ ಅಂತ. ನಾನೇನಮ್ಮ ಹೊಲೀಲಿ, ಸೂಜಿಗೆ ದಾರ ಪೋಣಿಸೋಕೇ ಸೊಸೇನ ಕರೀಬೇಕು ಅಂದೆ."

ಅವಳಿಗೆ ನಗು ಬಂತು. ಕೈ ನಿಲ್ಲಲಿಲ್ಲ. "ಏನು ಹೊಲೀಬೇಕಂತೆ?"

ಅತ್ತೆ ಒಮ್ಮೆ ಮಷೀನಿನ ಕಡೆ ನೋಡಿ, ಮಗನಿಗೆ ಕೇಳಿಸದು ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು. "ಅದೇ ಕಣೇ, ಒಳಗೆ ಹಾಕ್ಕೊಳ್ಳೋದು. ಒಬ್ಬಳಾಗಿದ್ರೆ ಹೋಗ್ಲಿ ಅನ್ಬೋದು. ಎಂಟು ದಿನದಿಂದ ದಿನಕ್ಕೆ ಇಬ್ಬರೋ ಮೂವರೋ. ನಿನ್ನೆ ಮಾಡಿದವಳ ಗಂಟಲು ಕೇಳಿದ್ರೆ ನನ್ನ ಓರಗೆಯವಳು. ಈ ವಯಸ್ಸಲ್ಲಿ ನಿಂಗ್ಯಾಕಮ್ಮ ಆ ಶೋಕಿ ಅಂತ ಚೆನ್ನಾಗಿ ಝಾಡಿಸಿದೆ. ಕಮಕ್ ಕಿಮಕ್ ಅನ್ನದೆ ಇಟ್ಬಿಟ್ಟಳು."

ಅವಳ ಕೈಯಲ್ಲಿದ್ದ ಮರದ ಪಟ್ಟಿ ಅರ್ಧ ಹಾಳೆಯ ಮೇಲೆ ನಿಂತಿತು.

ಅವಳು ಮಡಿಸುತ್ತಿದ್ದ ಕರಪತ್ರದ ಹೊರಮೈ ಮೇಲೆ ಒಂದೇ ಒಂದು ಪದವಿತ್ತು: ನಿಮಗಾಗಿ. ಬೇರೇನೂ ಇರಬಾರದು, ಯಾರದಾದರೂ ಕೈಚೀಲದಲ್ಲಿ ಕಂಡರೆ ಏನೆಂದು ಗೊತ್ತಾಗಬಾರದು ಎಂದು, ಅದನ್ನು ಅಚ್ಚು ಹಾಕಿಸಿದ ಹೊಲಿಗೆಯವಳು ಕೇಳಿಕೊಂಡಿದ್ದಳು. ಮಾತೆಲ್ಲ ಒಳಗೆ. ಅವಳು ಹಾಳೆಯನ್ನು ಬಿಚ್ಚಿದಳು. ಎದೆಯ ಶಸ್ತ್ರಚಿಕಿತ್ಸೆಯಾದ ಹೆಂಗಸರಿಗೆ ಅವರವರ ಅಳತೆಗೆ ಹೊಲಿದ ಒಳಉಡುಪು. ಎರಡೂ ಬದಿಗೆ ಸಮ ತೂಕ. ಒಬ್ಬೊಬ್ಬರಿಗೇ ಸಮಯ, ಬೇರೆ ಯಾರೂ ಇರುವುದಿಲ್ಲ. ಫೋನ್ ಮಾಡಿ ಬನ್ನಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ನಂಬರು.

ಆ ನಂಬರು ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಮಾವನವರು ಬದುಕಿದ್ದಾಗ ಪ್ರೆಸ್ಸಿನ ಬೋರ್ಡಿನ ಮೇಲೆ ಬರೆಸಿದ್ದ ನಂಬರು. ಅವರು ಹೋದ ಮೇಲೆ ಪ್ರೆಸ್ಸಿಗೆ ಬೇರೆ ನಂಬರು ಬಂತು. ಆ ಹಳೆಯ ಫೋನನ್ನು ಮಾತ್ರ ಮುಚ್ಚಿಸಲು ಅತ್ತೆ ಬಿಡಲಿಲ್ಲ. ಈಗ ಅದು ಅತ್ತೆಯ ಕೈಯಲ್ಲಿ, ಚಹಾದ ಲೋಟದ ಪಕ್ಕದಲ್ಲಿತ್ತು.

ಅವಳು ಹಾಳೆಯನ್ನೊಮ್ಮೆ, ಆ ಫೋನನ್ನೊಮ್ಮೆ ನೋಡಿದಳು.

"ಯಾಕೇ, ಮುಖ ಹಾಗ್ಯಾಕೆ ಮಾಡ್ಕೊಂಡೆ? ಚಹಾ ಕುಡಿ, ಆರೋಗತ್ತೆ."

ಹೇಗಾಯಿತು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಮಾವನವರು ಹಾಕಿಸಿಟ್ಟಿದ್ದ ಒಂದು ಮಾದರಿ ಪುಟವಿತ್ತು. ಯಾವ ಕೆಲಸ ಬಂದರೂ ಅದರಿಂದಲೇ ಶುರು. ಇಲ್ಲಿ ವಿಳಾಸ, ಇಲ್ಲಿ ಫೋನು ಎಂದು ಜಾಗ ತೋರಿಸಲು ಪ್ರೆಸ್ಸಿನದೇ ವಿಳಾಸ, ಪ್ರೆಸ್ಸಿನದೇ ನಂಬರು ಅದರ ತಳದಲ್ಲಿ ಕೂತಿರುತ್ತಿತ್ತು. ಅದನ್ನು ಅಳಿಸಿ ಗಿರಾಕಿಯದನ್ನು ಕೂರಿಸಬೇಕು. ಈ ಸಲ ಗಿರಾಕಿ ವಿಳಾಸವೇ ಬೇಡ ಎಂದಿದ್ದಳು. ಬಾಗಿಲಿಗೆ ಬರುವವರನ್ನು ಬೀದಿಯವರು ಎಣಿಸಬಾರದು ಎನ್ನುವುದು ಅವಳ ಕಾಳಜಿ. ಹಾಗಾಗಿ ವಿಳಾಸ ಅಳಿಸಿದ್ದಾಯಿತು. ತಳದ ಕೆಲಸ ಮುಗಿಯಿತು ಎಂದು ಕಣ್ಣು ತಾನೇ ತೀರ್ಮಾನ ಮಾಡಿಕೊಂಡು ಮೇಲಕ್ಕೆ ಹೋಗಿಬಿಟ್ಟಿತ್ತು. ಹೊಲಿಗೆಯವಳು ಪ್ರೂಫನ್ನು ಮೂರು ಸಲ, ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿದ್ದಳು. 'ಎದೆ' ಎಂಬ ಪದ ಇರಲೋ ಬೇಡವೋ ಎಂದು ಇಬ್ಬರೂ ಅರ್ಧ ಗಂಟೆ ಚರ್ಚೆ ಮಾಡಿದ್ದರು. ನಂಬರಿನ ಸಾಲಿಗೆ ಬರುವಷ್ಟರಲ್ಲಿ ಇಬ್ಬರ ಕಣ್ಣೂ ದಣಿದಿದ್ದವು. ಅಲ್ಲಿ ಹತ್ತು ಅಂಕಿಗಳಿದ್ದವು, ಸಾಕು.

ಅವಳು ಎದ್ದು ಹೋಗಿ ಮಷೀನಿನ ಸ್ವಿಚ್ಚು ಆರಿಸಿದಳು. ಗಂಡ ಸಿಡುಕಿನಿಂದ ತಿರುಗಿದವನು, ಅವಳ ಕೈಯಲ್ಲಿದ್ದ ಹಾಳೆ ನೋಡಿ, ಅವಳ ಬೆರಳು ತೋರಿಸಿದ ಜಾಗ ನೋಡಿ, ಇಂಕಿನ ಕೈಯನ್ನು ಚಿಂದಿಗೆ ಒರೆಸುತ್ತಾ ನಿಂತ. ತುಂಬ ಹೊತ್ತು ಒರೆಸಿದ.

"ಎಷ್ಟು ಹೋಗಿದೆ?"

"ನೂರು. ನರ್ಸಿಂಗ್ ಹೋಮಿನ ಹೆಡ್ ಸಿಸ್ಟರ್ ತಾವೇ ಒಂದೊಂದಾಗಿ ಕೊಡ್ತಿದಾರೆ. ಆಪರೇಷನ್ ಆಗಿ ಮನೆಗೆ ಹೋಗೋರಿಗೆ, ತೋರಿಸ್ಕೊಳ್ಳೋಕೆ ಬರೋರಿಗೆ."

"ಮಿಕ್ಕಿದ್ದು?"

"ಇಲ್ಲೇ ಇದೆ. ಮಡಿಸ್ತಿದ್ದೆ."

"ರದ್ದಿಗೆ ಹಾಕು. ಇವತ್ತೇ ಬೇರೆ ಪ್ಲೇಟ್ ಮಾಡಿ ಓಡಿಸ್ತೀನಿ. ಹೊಲಿಗೆಯವಳಿಗೆ ತಿಳಿಯೋದು ಬೇಡ."

"ಮತ್ತೆ ಇಷ್ಟು ದಿನ ಫೋನ್ ಮಾಡಿದವರು?"

"ಅವರಿಗೆ ಬೇಕಿದ್ರೆ ಇನ್ನೊಂದು ಕರಪತ್ರ ಸಿಗತ್ತೆ, ಮತ್ತೆ ಮಾಡ್ತಾರೆ."

"ಮಾಡಲ್ಲ ರೀ."

ಅಷ್ಟು ಖಚಿತವಾಗಿ ಹೇಗೆ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟ ಹೆಂಗಸು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಹತ್ತು ಅಂಕಿ ಒತ್ತಲು ಹೋಗಿ, ಎಂಟಕ್ಕೆ ನಿಲ್ಲಿಸಿ, ಮತ್ತೆ ಒತ್ತಿ, ಕೊನೆಗೆ ಬಾಯಿ ತೆರೆದಿರುತ್ತಾಳೆ. ಶೋಕಿ ಎಂದು ಬೈಸಿಕೊಂಡ ಮೇಲೆ ಅವಳು ಎರಡನೆಯ ಸಲ ಒತ್ತುತ್ತಾಳೆಯೇ?

ಗಂಡ ಹತ್ತಿರ ಬಂದು ದನಿ ಇಳಿಸಿದ. "ನೋಡು, ನಾನೇನು ಕಲ್ಲಲ್ಲ. ಆದ್ರೆ ನರ್ಸಿಂಗ್ ಹೋಮಿಗೆ ಗೊತ್ತಾದ್ರೆ ಏನಾಗತ್ತೆ ಯೋಚ್ನೆ ಮಾಡು. ಕರಪತ್ರದಲ್ಲಿ ನಂಬರ್ ತಪ್ಪಿದವರು ನಾಳೆ ರಿಪೋರ್ಟ್ ಫಾರಮ್ಮಲ್ಲಿ ಇನ್ನೇನು ತಪ್ಪಿಸ್ತಾರೋ ಅಂತಾರೆ. ಅವರ ಕೆಲಸ ಒಂದೇ ಈಗ ಈ ಮಷೀನ್ ತಿರುಗಿಸ್ತಿರೋದು. ಅದು ಹೋದ್ರೆ ಇದಕ್ಕೊಂದು ಮುಸುಕು ಹೊದಿಸಿ ನಾನೂ ಅಮ್ಮನ ಪಕ್ಕ ಕೂತು ಫೋನ್ ಎತ್ತಬೇಕು, ಅಷ್ಟೇ."

ತಮಾಷೆಗೆ ಹೇಳಿದ್ದಲ್ಲ ಅದು. ಅವನ ಕಣ್ಣಲ್ಲಿ ಭಯವಿತ್ತು. ಈ ಎರಡು ವರ್ಷದಲ್ಲಿ ಬೀದಿಯ ಇನ್ನೆರಡು ಪ್ರೆಸ್ಸುಗಳು ಬಾಗಿಲು ಹಾಕಿದ್ದನ್ನು ಅವನು ನಿಂತು ನೋಡಿದ್ದ.

ಚಾರ್ಜಿಗೆ ಹಾಕುತ್ತೇನೆಂದು ಅತ್ತೆಯಿಂದ ಫೋನು ಇಸಿದುಕೊಂಡು ಅವಳು ಕಾಗದದ ರೀಮುಗಳನ್ನು ಜೋಡಿಸಿಟ್ಟ ಉಗ್ರಾಣಕ್ಕೆ ಹೋದಳು. ಬಂದ ಕರೆಗಳ ಪಟ್ಟಿ ತೆರೆದಳು. ಆ ಹಳೆಯ ಫೋನು ಇಪ್ಪತ್ತು ಕರೆಗಳನ್ನಷ್ಟೇ ನೆನಪಿಡುತ್ತಿತ್ತು. ಹೊಸದೊಂದು ಬಂದರೆ ಹಳೆಯದೊಂದು ಕೆಳಗಿನಿಂದ ಉದುರಿ ಹೋಗುತ್ತದೆ. ಇಪ್ಪತ್ತರಲ್ಲಿ ಹನ್ನೊಂದು ನಾದಿನಿಯವೇ. ಅವಳು ಅಮ್ಮನಿಗೆ ಏನಿಲ್ಲವೆಂದರೂ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು, ಬೆಳಿಗ್ಗೆ ಏನು ಅಡುಗೆ, ಮಧ್ಯಾಹ್ನ ಅದು ಹೇಗಾಯಿತು, ಸಂಜೆ ಉಳಿದಿದೆಯೇ ಎಂದು ಕೇಳಲು. ಹೆಸರಿಲ್ಲದ ನಂಬರುಗಳು ಒಂಬತ್ತು ಉಳಿದಿದ್ದವು. ಎಷ್ಟು ಆಗಲೇ ಉದುರಿವೆಯೋ ಲೆಕ್ಕವಿಲ್ಲ.

ಒಂದು ತುಂಡು ಕಾಗದದ ಮೇಲೆ ಒಂಬತ್ತನ್ನೂ ಬರೆದುಕೊಂಡಳು. ಅವಳ ತಲೆಯಲ್ಲಿ ಒಂದು ದಾರಿ ಹೊಳೆದಿತ್ತು. ಯಾರಿಗೂ ತಿಳಿಯದಂತೆ ತಾನೇ ಇವರಿಗೆಲ್ಲ ಫೋನ್ ಮಾಡುವುದು, ಸರಿಯಾದ ನಂಬರು ಕೊಡುವುದು. ಹೊಲಿಗೆಯವಳ ಫೋನು ನಾಳೆಯಿಂದ ರಿಂಗಾಗುತ್ತದೆ, ಗಂಡನ ಮಷೀನೂ ತಿರುಗುತ್ತದೆ, ಯಾರ ಮುಖದ ಮೇಲೂ ಮಸಿ ಇಲ್ಲ.

ಮೊದಲ ನಂಬರಿಗೆ ಗಂಡಸು ಎತ್ತಿದ. "ಯಾರು? ಯಾರು ಬೇಕು?" ರಾಂಗ್ ನಂಬರ್ ಎಂದು ಇಟ್ಟಳು.

ಎರಡನೆಯದಕ್ಕೆ ಹುಡುಗಿಯಂಥ ದನಿ. "ನಾನು ಯಾರಿಗೂ ಫೋನ್ ಮಾಡಿಲ್ಲ. ಮತ್ತೆ ಮಾಡ್ಬೇಡಿ."

ಮೂರನೆಯದು ಬಹಳ ಹೊತ್ತು ರಿಂಗಾಗಿ, ಕೊನೆಗೆ ಎತ್ತಿದವರು ವಯಸ್ಸಾದವರು. ಅವಳು ಒಂದೇ ಉಸಿರಿಗೆ ಹೇಳಿದಳು: ನಿನ್ನೆ ತಪ್ಪಾಗಿದೆ, ಮಾತಾಡಿದವರಿಗೆ ವಿಷಯ ಗೊತ್ತಿರಲಿಲ್ಲ, ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ.

"ಇಲ್ಲಮ್ಮ," ಎಂದರು ಆಕೆ. ಸಿಟ್ಟೇ ಇರಲಿಲ್ಲ ದನಿಯಲ್ಲಿ. "ಅವರು ಸರಿಯಾಗೇ ಹೇಳಿದ್ರು. ಈ ವಯಸ್ಸಲ್ಲಿ ಯಾಕೆ ಅಂತ ನಂಗೂ ಅನ್ಸಿತ್ತು. ಮಗಳು ಹಟ ಮಾಡಿದ್ಳು ಅಂತ ಮಾಡಿದೆ."

"ಅಮ್ಮಾ, ಹಾಗಲ್ಲ. ನಿಮಗೊಂದು ನಂಬರ್ ಕೊಡ್ತೀನಿ, ಬರ್ಕೊಳ್ಳಿ."

"ಹೊಲಿಯೋರು ನೀವೇನಾ?"

"ಅಲ್ಲ. ಆ ಕರಪತ್ರ ಅಚ್ಚು ಹಾಕಿದವಳು ನಾನು."

"ಹಾಗಾದ್ರೆ ನನ್ನ ವಿಷಯ ಎಷ್ಟು ಜನಕ್ಕೆ ಗೊತ್ತಾಗಿದೆ ಈಗ?" ಎಂದರು ಆಕೆ, ಮೆಲ್ಲಗೆ, ಮತ್ತು ಫೋನು ಇಟ್ಟರು.

ಅವಳು ರೀಮಿನ ಕಟ್ಟಿನ ಮೇಲೆ ಕೂತಳು. ನಾಲ್ಕನೆಯದನ್ನು ಒತ್ತಲು ಧೈರ್ಯ ಸಾಲಲಿಲ್ಲ. ಒಂದೊಂದು ಕರೆಯಿಂದಲೂ ತಾನು ಒಂದೊಂದು ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಹಾಕಿಸುತ್ತಿದ್ದೇನೆ ಎನಿಸಿತು.

ಮಧ್ಯಾಹ್ನ ಊಟದ ಪಾತ್ರೆ ಮುಚ್ಚಿಡುವ ಹೊತ್ತಿಗೆ ಮುಂದಿನ ಬಾಗಿಲಲ್ಲಿ ನೆರಳು ಬಿತ್ತು. ಹೊಲಿಗೆಯವಳು. ಮೂವತ್ತೈದರ ಹೆಂಗಸು. ಸಮವಸ್ತ್ರದ ಕಾರ್ಖಾನೆಯಲ್ಲಿ ಹತ್ತು ವರ್ಷ ಬರೀ ಕಾಲರು ಹೊಲಿದವಳು. ಅವಳ ಅಕ್ಕನಿಗೆ ಆಪರೇಷನ್ನಾದಾಗ, ಆಕೆ ಒಂದು ಕಡೆ ಬಾಗಿ ನಡೆಯುವುದನ್ನು ನೋಡಲಾರದೆ, ಮೆತ್ತನೆಯ ಬಟ್ಟೆಯ ಚೀಲ ಹೊಲಿದು, ಹತ್ತಿಯ ನಡುವೆ ಸಾಸಿವೆ ಕಾಳು ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ಸರಿ ಮಾಡಿದ್ದಳಂತೆ. ಅದನ್ನು ತೊಟ್ಟು ಅಕ್ಕ ನೆಟ್ಟಗೆ ನಿಂತಳಂತೆ. ಮೊದಲ ದಿನ ಇದನ್ನು ಹೇಳುವಾಗ ಇದೇ ಬಾಗಿಲಲ್ಲಿ ನಿಂತು ತಾನೂ ಬೆನ್ನು ನೆಟ್ಟಗೆ ಮಾಡಿ ತೋರಿಸಿದ್ದಳು. ಅದೇ ಧೈರ್ಯದ ಮೇಲೆ ಕಾರ್ಖಾನೆ ಬಿಟ್ಟು ಒಂದು ಕೋಣೆ ಹಿಡಿದಿದ್ದಳು.

ಇವತ್ತು ಅವಳ ಬೆನ್ನು ನೆಟ್ಟಗಿರಲಿಲ್ಲ.

"ಊಟ ಆಯ್ತಾ ಅಕ್ಕ?"

"ಆಯ್ತು. ಬಾ, ಕೂತ್ಕೋ. ನಿಂದು?"

"ಹಸಿವೇ ಇಲ್ಲ ಬಿಡಿ. ಅಡುಗೆ ಮಾಡೋ ಕೆಲಸ ಉಳೀತು." ನಗಲು ನೋಡಿದಳು. ಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ಇನ್ನೊಂದು ಸಣ್ಣ ಕೆಲಸ ಇತ್ತು. ಐವತ್ತು ಸಾಕು. ಗೋಡೆಗೆ ಅಂಟಿಸೋಕೆ."

ಚೀಟಿಯಲ್ಲಿ ದುಂಡಗಿನ ಅಕ್ಷರ. ಹೊಲಿಗೆ ಮಷೀನ್ ಮಾರಾಟಕ್ಕಿದೆ. ಒಳ್ಳೆಯ ಸ್ಥಿತಿಯಲ್ಲಿದೆ.

"ಇದ್ಯಾಕೆ?" ಎಂದಳು ಅವಳು.

"ಎಷ್ಟು ದಿನ ಅಂತ ಕಾಯ್ಲಿ ಅಕ್ಕ? ಒಂದು ಫೋನ್ ಇಲ್ಲ. ಒಂದೇ ಒಂದು. ಮೊದಲು ಫೋನೇ ಕೆಟ್ಟಿದೆ ಅಂದ್ಕೊಂಡೆ. ಅಂಗಡಿಯವನ ಕೈಲಿ ಮಾಡಿಸಿ ನೋಡಿದೆ, ಚೆನ್ನಾಗೇ ರಿಂಗಾಯ್ತು. ಸ್ನಾನಕ್ಕೆ ಹೋದ್ರೂ ಕಿಟಕಿ ಮೇಲೆ ಇಟ್ಕೊಂಡೇ ಹೋಗ್ತೀನಿ. ನೀವು ನಗ್ತೀರ, ಮೊನ್ನೆ ಪಕ್ಕದ ಮನೆ ಗಡಿಯಾರ ಬಾರಿಸಿದ್ದಕ್ಕೆ ಹಲೋ ಅಂದ್ಬಿಟ್ಟೆ."

ಅವಳು ನಗಲಿಲ್ಲ. ಮಷೀನಿನ ಸದ್ದು ನಿಂತಿತ್ತು. ಗಂಡ ಒಳಬಾಗಿಲಲ್ಲಿ, ಚಿಂದಿ ಹಿಡಿದು ನಿಂತಿದ್ದ. ಅವನ ಕಣ್ಣು ಅವಳ ಮುಖವನ್ನೇ ಹಿಡಿದಿತ್ತು.

"ಎಂಟು ದಿನ ತಾನೇ ಆಗಿರೋದು, ಇನ್ನೂ ಸ್ವಲ್ಪ..." ಎಂದಳು.

"ನೂರು ಕೈಗೆ ಹೋಗಿದೆ ಅಕ್ಕ. ಹೆಡ್ ಸಿಸ್ಟರ್ ಹೇಳಿದ್ರು, ಎಲ್ಲರೂ ಜೋಪಾನವಾಗಿ ಒಳಗೆ ಇಟ್ಕೊಂಡು ಹೋದ್ರಂತೆ. ಅಂದ್ರೆ ಓದಿದಾರೆ. ಓದಿ ಬೇಡ ಅಂದಿದಾರೆ." ಹೊಲಿಗೆಯವಳು ತನ್ನ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಹಿಂಡಿಕೊಳ್ಳುತ್ತಿದ್ದಳು. "ನನ್ನ ಅಕ್ಕನಿಗೊಬ್ಬಳಿಗೆ ಬೇಕಿತ್ತು ಅಂದ್ರೆ ಊರಿಗೆಲ್ಲ ಬೇಕು ಅಂದ್ಕೊಂಡೆ. ದಡ್ಡತನ. ಅಕ್ಕನೂ ಇರೋ ತನಕ ನನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಹಾಕ್ಕೊಂಡ್ಲೋ ಏನೋ. ಈಗ ಅದನ್ನೂ ಕೇಳೋ ಹಾಗಿಲ್ಲ."

ಆಗ ಫೋನು ರಿಂಗಾಯಿತು.

ಅತ್ತೆಯ ಫೋನು. ಅವಳ ಮಡಿಲಲ್ಲೇ ಇತ್ತು. ಮೇಜಿನ ಕೆಳಗೆ ಕೈ ಹಾಕಿ ನೋಡಿದಳು: ನಾದಿನಿಯ ಹೆಸರಲ್ಲ. ಬರೀ ಅಂಕಿಗಳು.

ಗಂಡನ ತಲೆ ಒಂದು ಕೂದಲಿನಷ್ಟು ಅಲ್ಲಾಡಿತು. ಬೇಡ.

"ಮನೆಯಿಂದಾನಾ? ತಗೊಳ್ಳಿ ಅಕ್ಕ," ಎಂದಳು ಹೊಲಿಗೆಯವಳು. "ಪುಣ್ಯ ಮಾಡಿರ್ಬೇಕು, ಯಾರಾದ್ರೂ ಫೋನ್ ಮಾಡ್ಬೇಕು ಅಂದ್ರೆ."

ಅವಳು ಎದ್ದು ಬಾಗಿಲಾಚೆ ಬೀದಿಯ ಅಂಚಿಗೆ ಹೋದಳು. ಕಿವಿಗಿಟ್ಟಳು. ಉಸಿರು ಮಾತ್ರ. ಅತ್ತೆ ಹೇಳಿದ ಹಾಗೇ. ಆಮೇಲೆ ಒಂದು ಸಣ್ಣ ದನಿ: "ನಿಮಗಾಗಿ ಅಂತ... ಒಂದು ಕಾಗದ ಕೊಟ್ಟಿದ್ರು."

"ಹೂಂ, ಹೇಳಿ."

"ನೀವೇನಾ?"

ಹಿಂದೆ ತಿರುಗಿ ನೋಡಿದಳು. ಹತ್ತು ಹೆಜ್ಜೆ ದೂರದಲ್ಲಿ ಆ 'ನೀವು' ಕೂತಿದ್ದಳು, ಮೇಜಿನ ಮೇಲಿದ್ದ ತನ್ನ ಮಾರಾಟದ ಚೀಟಿಯನ್ನು ಅಂಗೈಯಿಂದ ನೇವರಿಸಿ ಸಪಾಟು ಮಾಡುತ್ತಾ. ಅವಳ ಹಿಂದೆ ಗಂಡ. ಫೋನನ್ನು ಒಳಗೆ ಒಯ್ದು ಅವಳ ಕೈಗೆ ಕೊಟ್ಟರೆ ಮುಗಿಯಿತು. ಹತ್ತು ಹೆಜ್ಜೆ. ಅವಳು ಬೀದಿಯ ಅಂಚಿನಲ್ಲೇ ನಿಂತಳು.

"ಅವರು... ಈಗ ಇಲ್ಲ. ಸಂಜೆ ಮಾಡ್ತೀರಾ?"

"ಸಂಜೆ ಎಲ್ಲರೂ ಮನೇಲಿರ್ತಾರೆ," ಎಂದಿತು ದನಿ. "ಇರ್ಲಿ ಬಿಡಿ. ಪರವಾಗಿಲ್ಲ."

ಪರವಾಗಿಲ್ಲ ಎಂದವಳು ತಕ್ಷಣ ಇಡಲಿಲ್ಲ. ಏನಾದರೂ ಹೇಳಿಯಾರೆಂದು ಒಂದು ಕ್ಷಣ ಕಾದಳು. ಆಮೇಲೆ ಇಟ್ಟಳು.

ಒಳಗೆ ಬಂದಾಗ ಹೊಲಿಗೆಯವಳು ಎದ್ದು ನಿಂತಿದ್ದಳು. "ಏನಾಯ್ತಕ್ಕ? ಕೆಟ್ಟ ಸುದ್ದಿಯಾ?"

"ಇಲ್ಲ. ನಾದಿನಿ. ಅಡುಗೆ ಏನು ಅಂತ."

"ಒಳ್ಳೆ ನಾದಿನಿ." ಅವಳು ಚೀಲ ಹೆಗಲಿಗೇರಿಸಿದಳು. "ಯಾವಾಗ ಸಿಗತ್ತೆ ಇದು? ತಿಂಗಳ ಕೊನೆಗೆ ಕೋಣೆ ಬಿಡ್ತೀನಿ ಅಂತ ಹೇಳ್ಬಿಟ್ಟಿದೀನಿ. ಕಾರ್ಖಾನೆಯವರು ಮತ್ತೆ ಸೇರಿಸ್ಕೋತಾರಂತೆ. ಕಾಲರಿಗೆ."

"ನಾಳೆ," ಎಂದ ಗಂಡ, ಅವಳು ಬಾಯಿ ತೆರೆಯುವ ಮೊದಲೇ. "ನಾಳೆ ಬೆಳಿಗ್ಗೆ ಬನ್ನಿ, ಕೊಡ್ತೀವಿ. ಇದಕ್ಕೆ ಏನೂ ಕೊಡೋದು ಬೇಡ."

"ಅಯ್ಯೋ, ಹಾಗೆಲ್ಲ ಬೇಡಣ್ಣ. ನಿಮ್ಮದೇನು ತಪ್ಪು ಇದರಲ್ಲಿ? ನೀವು ಚೆನ್ನಾಗೇ ಮಾಡಿಕೊಟ್ರಿ. ಅಷ್ಟು ಚೆಂದದ ಅಕ್ಷರ."

ಅವಳು ಹೋದಳು. ಗಂಡ ಚಿಂದಿಯನ್ನು ಡಬ್ಬಕ್ಕೆ ಎಸೆದು, ಮುಖ ತಿರುಗಿಸಿಕೊಂಡೇ ಹೇಳಿದ: "ಹೊಸ ಕರಪತ್ರ ಹೊರಗೆ ಹೋದ್ಮೇಲೆ ಫೋನ್ ಬರೋಕೆ ಶುರುವಾದ್ರೆ ಅವಳೇ ಮಾರೋದನ್ನ ನಿಲ್ಲಿಸ್ತಾಳೆ."

"ಮಷೀನ್ ಮಾರಿದ್ಮೇಲೆ?"

ಅವನು ಒಳಗೆ ಹೋಗಿ ಸ್ವಿಚ್ಚು ಒತ್ತಿದ. ಸದ್ದು ಮತ್ತೆ ಮನೆಯನ್ನೆಲ್ಲ ತುಂಬಿತು.

ಅವಳು ಮೇಜಿನ ಮುಂದೆ ಕೂತಳು. ಮಾರಾಟದ ಚೀಟಿಯನ್ನು ಎದುರಿಗಿಟ್ಟುಕೊಂಡು ಟೈಪು ಮಾಡಲು ಹೊರಟಳು. ಬೆರಳು ಓಡಲಿಲ್ಲ. ಓದಿ ಬೇಡ ಅಂದಿದಾರೆ ಎಂಬ ಮಾತು ಕಿವಿಯಲ್ಲೇ ಕೂತಿತ್ತು. ಹೊಲಿಗೆಯವಳು ಅಂಗಡಿ ಮುಚ್ಚಿದರೆ ಮುಚ್ಚಲಿ, ಅಂಗಡಿಗಳು ಮುಚ್ಚುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಆದರೆ ಆ ಹೆಂಗಸು ಇನ್ನು ಬದುಕಿರುವಷ್ಟು ದಿನ ತನ್ನ ಅಕ್ಕ ನೆಟ್ಟಗೆ ನಿಂತದ್ದನ್ನೂ ನಂಬುವುದಿಲ್ಲ. ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಾ, ಅದು ಬರೀ ದಾಕ್ಷಿಣ್ಯಕ್ಕೆ ತೊಟ್ಟದ್ದು ಎಂದುಕೊಳ್ಳುತ್ತಾಳೆ. ಅತ್ತ ಆ ಒಂಬತ್ತು ಹತ್ತು ಮನೆಗಳಲ್ಲಿ ಒಬ್ಬೊಬ್ಬಳೂ ತಾನೊಬ್ಬಳೇ ನಾಚಿಕೆಗೆಟ್ಟು ಕೇಳಿದವಳು ಎಂದುಕೊಂಡು ಕೂತಿರುತ್ತಾಳೆ.

ಆ ದನಿಗಳಿಗೆ ತಾನು ಏನು ಹೇಳಿದರೂ ಆಗುವುದಿಲ್ಲ ಎಂದು ಬೆಳಿಗ್ಗೆಯೇ ಗೊತ್ತಾಗಿತ್ತು. ನೀವೇನಾ ಎಂದು ಅವರು ಕೇಳಿದಾಗ ಹೌದು ಎನ್ನಬಲ್ಲವಳು ಒಬ್ಬಳೇ. ಅವಳ ಕೈಗೆ ನಂಬರುಗಳನ್ನು ಕೊಡಬೇಕೆಂದರೆ, ಅವು ತನ್ನ ಕೈಗೆ ಹೇಗೆ ಬಂದವು ಎನ್ನುವುದನ್ನೂ ಕೊಡಬೇಕು. ಬೇರೆ ದಾರಿಯನ್ನು ಅವಳು ಮಧ್ಯಾಹ್ನವೆಲ್ಲ ಹುಡುಕಿದ್ದಳು. ಇರಲಿಲ್ಲ. ಹೊಲಿಗೆಯವಳು ಸಿಟ್ಟಾಗಬಹುದು, ಹೆಡ್ ಸಿಸ್ಟರಿಗೆ ಹೇಳಬಹುದು, ಹೇಳುವ ಹಕ್ಕು ಅವಳಿಗಿತ್ತು. ಆಮೇಲೆ ಈ ಮಷೀನು ಎಷ್ಟು ದಿನ ತಿರುಗುತ್ತದೋ.

ಬರೆದುಕೊಂಡಿದ್ದ ಒಂಬತ್ತು ನಂಬರಿನ ಕೆಳಗೆ ಹತ್ತನೆಯದನ್ನು ಬರೆದಳು. ಪಕ್ಕದಲ್ಲಿ ಚಿಕ್ಕದಾಗಿ 'ಮಧ್ಯಾಹ್ನ ಮಾತ್ರ' ಎಂದು ಸೇರಿಸಿದಳು. ಮೂರನೆಯದರ ಪಕ್ಕದಲ್ಲಿ 'ಹಿರಿಯರು, ಮಗಳಿದ್ದಾಳೆ'. ಮೊದಲನೆಯದರ ಪಕ್ಕದಲ್ಲಿ 'ಗಂಡಸು ಎತ್ತುತ್ತಾರೆ, ಜೋಪಾನ'. ಕಾಗದವನ್ನು ಕೈಚೀಲಕ್ಕೆ ಹಾಕಿ, ಅದರ ಮೇಲೆ ಫೋನನ್ನಿಟ್ಟಳು.

ಮೆಟ್ಟಿಲ ಮೇಲಿಂದ ಅತ್ತೆ ಕೂಗಿದರು. "ಏನೇ, ನನ್ನ ಫೋನ್ ಆಯ್ತಾ? ಮಗಳು ಮಾಡೋ ಹೊತ್ತಾಯ್ತು."

"ಚಾರ್ಜ್ ನಿಲ್ತಿಲ್ಲ ಅತ್ತೆ. ತೋರಿಸ್ಕೊಂಡು ಬರ್ತೀನಿ. ಅಲ್ಲಿವರ್ಗೂ ನನ್ನ ಫೋನಿಂದ ಮಾತಾಡಿ, ಅಡುಗೆಮನೇಲಿದೆ."

"ಅದು ಗಾಜಿಂದು. ಮುಟ್ಟಿದ್ರೆ ಏನೇನೋ ಆಗತ್ತೆ."

"ಏನೂ ಆಗಲ್ಲ. ಹಸಿರು ಬಂದಾಗ ಒತ್ತಿ."

ಚಪ್ಪಲಿ ಮೆಟ್ಟುವಾಗ ಗಂಡ ಒಳಗಿನಿಂದಲೇ ಕೇಳಿದ, ಸದ್ದಿನ ಮೇಲೆ ದನಿ ಎತ್ತಿ: "ಎಲ್ಲಿಗೆ? ಆ ಐವತ್ತರ ಕೆಲಸ ಕೂರಿಸಿದ್ಯಾ?"

"ಬಂದು ನೋಡ್ತೀನಿ," ಎಂದಳು. ಹಾಳೆಗಳು ಹಾರದಂತೆ ಮಡಿಸದ ಕಟ್ಟಿನ ಮೇಲೆ ಮರದ ಪಟ್ಟಿಯನ್ನಿಟ್ಟು, ಬಾಗಿಲನ್ನು ಅರ್ಧ ಎಳೆದುಕೊಂಡು, ಹೊಲಿಗೆಯವಳ ಕೋಣೆಯತ್ತ ಬೀದಿಗಿಳಿದಳು.